ಹೊಸಬರ ಪಕ್ಕ ಕೂತು ನೋಡಿ

ಲಿನಕ್ಸ್‌ನಲ್ಲಿ ಪೈಥಾನ್ ಲೈಬ್ರರಿ ಹಾಕಿಕೊಳ್ಳಲು ಒಂದೇ ಸಾಲು ಸಾಕು, ಅಷ್ಟೂ ಆಗದವರು ಸೋಮಾರಿಗಳು ಎಂಬ ಕಳೆದ ಸಂಚಿಕೆಯ ಲೇಖನ ಓದಿ ಸಿಟ್ಟು ಬಂತು. ಲೇಖಕರು ಹೊಸಬರ ಪಕ್ಕ ಕೂತು ಒಮ್ಮೆಯಾದರೂ ನೋಡಿದ್ದಾರೆಯೇ? 2023ರಲ್ಲಿ ಬಂದ ಡೆಬಿಯನ್ 12ರಲ್ಲಿ, ಹಳೆಯ ಪುಸ್ತಕಗಳು ಹೇಳಿಕೊಡುವ 'ಪಿಪ್ ಇನ್‌ಸ್ಟಾಲ್' ಕೊಟ್ಟರೆ ಯಂತ್ರವೇ ಒಲ್ಲೆ ಎನ್ನುತ್ತದೆ. ಅದಕ್ಕೆ ನ್ಯಾಯವಾದ ಕಾರಣವೂ ಇದೆ: ವ್ಯವಸ್ಥೆಯ ಎಷ್ಟೋ ಸಲಕರಣೆಗಳು ಅದೇ ಪೈಥಾನ್ ನಂಬಿಕೊಂಡಿವೆ, ಕಲಬೆರಕೆಯಾದರೆ ಅವು ಕೆಡಬಹುದು. ಕಲಿಯುವವರಿಗೆ ಬೇಕಿರುವುದು ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್. ಅದರ ಪ್ಯಾಕೇಜನ್ನೂ ಹಲವು ಸಲ 'ಆಪ್ಟ್' ಮೂಲಕ ಬೇರೆಯಾಗಿಯೇ ಹಾಕಿಕೊಳ್ಳಬೇಕು. ಇದನ್ನು ಮೊದಲ ದಿನ ಯಾರು ಹೇಳಿಕೊಟ್ಟರು? ಯಾರೂ ಹೇಳದಿದ್ದಾಗಲೇ ಅವರು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಆಯ್ಕೆಗೆ ಕೈಹಾಕುವುದು. ಬೈಗುಳಕ್ಕೆ ಇಡೀ ಪುಟ ಸಿಕ್ಕಿತು, ಈ ಎರಡು ಹೆಜ್ಜೆಗೆ ಎರಡು ಸಾಲೂ ಸಿಗಲಿಲ್ಲವೇ?