ಅರ್ಧಕುಕ್ಕುಟಿಯ ಅರ್ಥಶಾಸ್ತ್ರ

ಕೋಳಿಯ ಒಂದರ್ಧವನ್ನು ಅಡುಗೆಗೆ ಕೊಯ್ದುಕೊಂಡು ಮತ್ತೊಂದರ್ಧವನ್ನು ಮೊಟ್ಟೆಯಿಡಲೆಂದು ಉಳಿಸಿಕೊಳ್ಳಬಯಸಿದವನ ಅವಿವೇಕಕ್ಕೆ ಶಾಸ್ತ್ರಕಾರರು ಅರ್ಧಕುಕ್ಕುಟೀ ನ್ಯಾಯವೆಂದು ಹೆಸರಿಟ್ಟಿರುವರು. ಪಾಠಶಾಲೆಗಳಲ್ಲಿ ಹುಡುಗರನ್ನು ನಗಿಸಲು ಒದಗುತ್ತಿದ್ದ ಈ ನ್ಯಾಯವು ಇಂದು ದೊಡ್ಡ ದೊಡ್ಡ ಪಂಡಿತರ ಅರ್ಥನೀತಿಗೆ ಅಕ್ಷರಶಃ ಸಲ್ಲುವಂತಾಗಿದೆ. ಸ್ವಾತಂತ್ರ್ಯದಲ್ಲಿ ಕೊಳ್ಳುವ ಮಾರುವ ಅರ್ಧವು ಬೇಕು. ಕೂಡುವ, ನುಡಿಯುವ, ಲೆಕ್ಕ ಕೇಳುವ ಅರ್ಧವು ಬೇಡ ಎಂಬುದೇ ನವ ಉದಾರವಾದವೆಂದು ಹೆಸರಾಂತ ಮತದ ಒಳತಿರುಳು. ಆ ಮತದವರು ಬಾಯಿಬಿಟ್ಟು ಹೀಗೆ ಹೇಳುವುದು ಅಪರೂಪ. ಆದರೆ ಒಬ್ಬ ಆಚಾರ್ಯರು ಹೇಳಿಯೇ ಬಿಟ್ಟಿರುವರು. 1974ರ ನೊಬೆಲ್ ಪುರಸ್ಕೃತ ಫ್ರೀಡ್ರಿಕ್ ಹಾಯೆಕ್ ಅವರು 1981ರಲ್ಲಿ ಚಿಲಿ ದೇಶದ ಎಲ್ ಮೆರ್ಕುರಿಯೊ ಪತ್ರಿಕೆಯೊಡನೆ ಮಾತನಾಡುತ್ತ, ಉದಾರನೀತಿಯಿಲ್ಲದ ಪ್ರಜಾಸರಕಾರಕ್ಕಿಂತ ಉದಾರನೀತಿಯುಳ್ಳ ಸರ್ವಾಧಿಕಾರಿಯೇ ತಮಗೆ ಹೆಚ್ಚು ಇಷ್ಟವೆಂಬ ಅಭಿಪ್ರಾಯವನ್ನು ತಿಳಿಸಿದರು. ಆಗ ಆ ದೇಶವು ಸೈನ್ಯಾಧಿಪತಿ ಪಿನೊಚೆಯ ಕೈಯಲ್ಲಿದ್ದು ಎಂಟನೆಯ ವರ್ಷವು ನಡೆಯುತ್ತಿದ್ದಿತು.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮುಂದಿಡದೆ ಖಂಡಿಸಹೋಗುವುದು ವಾದಧರ್ಮವಲ್ಲ. ಅದು ಹೀಗಿದೆ: ಮತದಾರನು ಇಂದಿನ ಅಕ್ಕಿಯ ಧಾರಣೆಯನ್ನು ನೋಡುವನೇ ಹೊರತು ಇಪ್ಪತ್ತು ವರ್ಷಗಳ ಮುಂದಣ ಬೊಕ್ಕಸವನ್ನು ನೋಡನು, ಅವನ ಓಟಿಗೆ ಹಂಬಲಿಸುವ ಮಂತ್ರಿಯು ಇಲ್ಲದ ಹಣವನ್ನು ಹಂಚುವನು, ಆದುದರಿಂದ ಅರ್ಥವ್ಯವಹಾರವನ್ನು ಅದನ್ನು ಬಲ್ಲವರಿಗೆ ಒಪ್ಪಿಸಿ, ಜನರ ಗದ್ದಲದಿಂದ ದೂರವಿಡತಕ್ಕದ್ದು, ಹತ್ತು ವರ್ಷ ಗಟ್ಟಿಗನೊಬ್ಬನ ಆಳಿಕೆಯಾಗಲಿ, ದೇಶವು ಸಂಪನ್ನವಾದ ಮೇಲೆ ಚುನಾವಣೆಗಳು ಹೇಗೂ ಇದ್ದೇ ಇವೆ. ಈ ಮಾತು ಚಿಲಿಯಲ್ಲಿ ಮಾತ್ರ ಹುಟ್ಟುವುದಲ್ಲ. ಈ ನಾಡಿನ ರೈಲು ಡಬ್ಬಿಗಳಲ್ಲಿ, ಮದುವೆಯ ಊಟದ ಪಂಕ್ತಿಗಳಲ್ಲಿ, ಓದು ಬಲ್ಲ ಸದ್ಗೃಹಸ್ಥರ ಬಾಯಿಂದಲೇ ಇದು ಕೇಳಿಬರುವುದು. ಆದರೆ ಹೀಗೆನ್ನುವವರು ಕೊಡುವ ಶ್ರೇಷ್ಠ ನಿದರ್ಶನವು ಚಿಲಿಯೇ ಆದುದರಿಂದ ಅಲ್ಲಿಗೇ ಹೋಗಿ ನೋಡುವುದು ಯುಕ್ತ.

ಸಾಲ್ವಡಾರ್ ಅಯೆಂಡೆ ಅವರು 1970ರ ಚುನಾವಣೆಯಿಂದ ಆ ದೇಶದ ಅಧ್ಯಕ್ಷರಾದರು. 1973ರ ವೇಳೆಗೆ ಹಣದುಬ್ಬರವು ವರ್ಷಕ್ಕೆ ಶೇಕಡಾ 500ನ್ನು ಮೀರಿದ್ದಿತು. ಅಂಗಡಿಗಳ ಮುಂದೆ ಉದ್ದುದ್ದ ಸಾಲುಗಳಿದ್ದವು. ಇದನ್ನು ಮರೆಮಾಚಿ ಅಯೆಂಡೆಯವರನ್ನು ದೇವರನ್ನಾಗಿ ಮಾಡುವ ಅಗತ್ಯವೇನೂ ಇಲ್ಲ. 1973ರ ಸೆಪ್ಟೆಂಬರ್ 11ರಂದು ಸೈನ್ಯವು ಅಧ್ಯಕ್ಷರ ಅರಮನೆಯ ಮೇಲೆ ವಿಮಾನಗಳಿಂದ ಬಾಂಬುಗಳನ್ನು ಸುರಿಯಿತು. ಅಯೆಂಡೆಯವರು ಅಲ್ಲಿಯೇ ಮಡಿದರು. ಸಂಸತ್ತಿಗೆ ಬೀಗ, ಪಕ್ಷಗಳಿಗೆ ನಿಷೇಧ, ಕಾರ್ಮಿಕ ಸಂಘಗಳಿಗೆ ಸಂಕೋಲೆ. ಆ ಆಡಳಿತದಲ್ಲಿ ಕೊಲೆಯಾದವರೂ ಕಾಣೆಯಾದವರೂ 3,000ಕ್ಕೂ ಮಿಕ್ಕಿರುವರೆಂಬುದು ಅನಂತರದ ಸರಕಾರಗಳೇ ನಡೆಸಿದ ವಿಚಾರಣೆಗಳಿಂದ ಸ್ಥಿರಪಟ್ಟಿದೆ. ಹೀಗೆ ನಿಶ್ಶಬ್ದಗೊಳಿಸಿದ ದೇಶದಲ್ಲಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ ಅರ್ಥಶಾಸ್ತ್ರಜ್ಞರು ತಮ್ಮ ಪ್ರಯೋಗವನ್ನು ಆರಂಭಿಸಿದರು. ಗುರುಗಳಾದ ಮಿಲ್ಟನ್ ಫ್ರೀಡ್ಮನ್ ಅವರೇ 1975ರಲ್ಲಿ ಬಂದು ಪಿನೊಚೆಯನ್ನು ಕಂಡು, ಚಿಕಿತ್ಸೆಯು ಒಂದೇ ಏಟಿಗೆ ಆಗತಕ್ಕದ್ದೆಂದು ಉಪದೇಶಿಸಿದರು.

ಅರ್ಥನೀತಿಯು ಬೇರೆ, ಸೆರೆಮನೆ ಬೇರೆ. ಮೊದಲನೆಯದನ್ನು ಹೊಗಳಿ ಎರಡನೆಯದಕ್ಕೆ ವಿಷಾದಿಸಬಹುದೆಂದು ವಾದಿಸುವವರುಂಟು. ಅಯೆಂಡೆಯವರ ಮಂತ್ರಿಯಾಗಿದ್ದ ಓರ್ಲಾಂಡೊ ಲೆಟೆಲಿಯರ್ ಅವರು 1976ರ ಆಗಸ್ಟಿನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಈ ಭೇದವು ಸುಳ್ಳೆಂದೂ, ಆ ನೀತಿಯನ್ನು ಆ ದಬ್ಬಾಳಿಕೆಯಿಲ್ಲದೆ ನಡೆಸಲು ಸಾಧ್ಯವೇ ಇರಲಿಲ್ಲವೆಂದೂ ಸಕಾರಣವಾಗಿ ಬರೆದರು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 21ರಂದು, ವಾಷಿಂಗ್ಟನ್ ನಗರದ ನಡುಬೀದಿಯಲ್ಲಿ ಅವರ ಮೋಟಾರಿಗೆ ಇಟ್ಟ ಬಾಂಬು ಸಿಡಿದು ಅವರೂ, ಜೊತೆಯಲ್ಲಿದ್ದ ಸಹೋದ್ಯೋಗಿ ಮಹಿಳೆಯೂ ಸತ್ತರು. ಚಿಲಿಯ ಗುಪ್ತಪೋಲೀಸರ ಕೃತ್ಯವಿದೆಂದು ನ್ಯಾಯಾಲಯಗಳಲ್ಲಿ ಸಿದ್ಧವಾಯಿತು. ಲೇಖನವೊಂದಕ್ಕೆ ಇದಕ್ಕಿಂತ ಕ್ರೂರವಾದ ಪ್ರಮಾಣವು ಬೇರೆಲ್ಲಿಯೂ ದೊರೆತಿರಲಾರದು.

ಪ್ರಯೋಗದ ಫಲವೇನು? 1982ರಲ್ಲಿ ದೇಶದ ಉತ್ಪತ್ತಿಯು ಒಂದೇ ವರ್ಷದಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಕುಸಿಯಿತು. 1983ರ ಜನವರಿಯಲ್ಲಿ ಸರಕಾರವು ದೊಡ್ಡ ಖಾಸಗಿ ಬ್ಯಾಂಕುಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಖಾಸಗಿಯವರು ಪರದೇಶಗಳಲ್ಲಿ ಮಾಡಿದ್ದ ಸಾಲಕ್ಕೆ ರಾಜ್ಯವೇ ಜಾಮೀನಾಗಿ ನಿಂತಿತು. ಸುಂಕದ ಕಟ್ಟೆಯನ್ನು ತಪ್ಪಿಸಿಕೊಳ್ಳಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದವನಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಮುಂದೆಯೇ ಎಂಬ ಘಟ್ಟಕುಟೀಪ್ರಭಾತ ನ್ಯಾಯಕ್ಕೆ ಇದು ಒಳ್ಳೆಯ ಉದಾಹರಣೆ. ಇನ್ನೊಂದು ವಿನೋದವುಂಟು. ಅಯೆಂಡೆಯವರ ಕಾಲದಲ್ಲಿ, 1971ರಲ್ಲಿ, ಸಂಸತ್ತು ಸರ್ವಾನುಮತದಿಂದ ರಾಷ್ಟ್ರೀಕರಿಸಿದ ದೊಡ್ಡ ತಾಮ್ರದ ಗಣಿಗಳನ್ನು ಪಿನೊಚೆ ಮಾರಲೇ ಇಲ್ಲ. ಆ ತಾಮ್ರದ ಮಾರಾಟದಲ್ಲಿ ಶೇಕಡಾ 10 ಸೈನ್ಯದ ಆಯುಧಗಳಿಗೆ ಸಲ್ಲುತ್ತಿದ್ದಿತು. 1987ರ ಸರಕಾರಿ ಸಮೀಕ್ಷೆಯ ಪ್ರಕಾರ ಪ್ರಜೆಗಳಲ್ಲಿ ಶೇಕಡಾ 45ರಷ್ಟು ಜನ ಬಡವರು. ಆ ಬಡತನವು ಬಹುವಾಗಿ ಇಳಿದದ್ದು ನಿಜ. ಆದರೆ ಇಳಿದದ್ದು 1990ರ ತರುವಾಯ, ಚುನಾಯಿತ ಸರಕಾರಗಳು ಬಂದ ಮೇಲೆ. ಸರ್ವಾಧಿಕಾರಿಯ ಲೆಕ್ಕಕ್ಕೆ ಈ ಕೀರ್ತಿಯನ್ನು ಬರೆದುಕೊಳ್ಳುವವರು ವರ್ಷಗಳ ಅಂಕಿಗಳನ್ನು ಸ್ವಲ್ಪ ನೋಡಿಕೊಂಡರೆ ಒಳಿತು.

ಇಷ್ಟಾದರೂ ದುಃಖವು ಬಂದೂಕಿನಲ್ಲಿ ಮುಗಿಯಲಿಲ್ಲ. ಅದು ಕಾನೂನಿನೊಳಕ್ಕೆ ಹೊಕ್ಕಿತು. 1980ರಲ್ಲಿ, ಮತದಾರರ ಪಟ್ಟಿಯೇ ಇಲ್ಲದ ಜನಮತ ಸಂಗ್ರಹವೊಂದನ್ನು ನಡೆಸಿ ಹೊಸ ಸಂವಿಧಾನವನ್ನು ಜಾರಿಗೆ ತಂದರು. ಅದರ ಜಾಣತನವಿದ್ದದ್ದು ಬೀಗಗಳಲ್ಲಿ. ಮುಖ್ಯ ಶಾಸನಗಳನ್ನು ಬದಲಿಸಲು ಸಾಮಾನ್ಯ ಬಹುಮತವು ಸಾಲದು, ಏಳರಲ್ಲಿ ನಾಲ್ಕು ಪಾಲು ಬೇಕು; ಸೆನೆಟಿನಲ್ಲಿ ಯಾರೂ ಆರಿಸದ ನಿಯೋಜಿತ ಸದಸ್ಯರು ಕುಳಿತುಕೊಳ್ಳುವರು; ಚುನಾವಣೆಯ ಪದ್ಧತಿಯು ಅಲ್ಪಮತದವರಿಗೆ ಬಹುಮತಕ್ಕೆ ಹೆಚ್ಚುಕಡಿಮೆ ಸಮನಾದ ಸ್ಥಾನಗಳನ್ನು ದೊರಕಿಸುವುದು. ನಿಯೋಜಿತರನ್ನು ತೆಗೆಯಲು 2005ರ ವರೆಗೂ, ಚುನಾವಣಾ ಪದ್ಧತಿಯನ್ನು ಬದಲಿಸಲು 2015ರ ವರೆಗೂ ಕಾಯಬೇಕಾಯಿತು. ಶಿಕ್ಷಣದ ಶಾಸನವನ್ನಂತೂ ಪಿನೊಚೆ ಪ್ರಕಟಿಸಿದ್ದು 1990ರ ಮಾರ್ಚ್ 10ರಂದು. ಅಧಿಕಾರವನ್ನು ಬಿಟ್ಟುಕೊಟ್ಟದ್ದು ಮಾರ್ಚ್ 11ರಂದು. ಮನೆ ಖಾಲಿಮಾಡುವ ಹಿಂದಿನ ರಾತ್ರಿ ಉಗ್ರಾಣಕ್ಕೆ ಹೊಸ ಬೀಗ ಹಾಕಿ ಬೀಗದ ಕೈಯನ್ನು ತನ್ನೊಡನೆ ಕೊಂಡೊಯ್ದ ಬಾಡಿಗೆದಾರನಂತಾಯಿತು.

ಆ ಬೀಗಗಳೊಳಗೆ ಏನಿತ್ತೆಂಬುದನ್ನು ನಿವೃತ್ತಿವೇತನವೊಂದರಿಂದಲೇ ಅರಿಯಬಹುದು. 1981ರ ಪದ್ಧತಿಯಲ್ಲಿ ನೌಕರನು ತನ್ನ ಸಂಬಳದ ಶೇಕಡಾ 10ನ್ನು ಖಾಸಗಿ ಕಂಪೆನಿಗಳಲ್ಲಿ ಕಟ್ಟತಕ್ಕದ್ದೆಂದು ವಿಧಿಸಿದರು. ಧಣಿಯು ಕೊಡುತ್ತಿದ್ದ ಪಾಲನ್ನು ರದ್ದುಪಡಿಸಿದರು. ಮುಪ್ಪಿನಲ್ಲಿ ಬರುವುದೆಷ್ಟೆಂಬುದು ಪೇಟೆಯ ಏರಿಳಿತಕ್ಕೆ ಬಿಟ್ಟದ್ದು. ಇದಷ್ಟು ಉತ್ತಮವಾದ ವ್ಯವಸ್ಥೆಯಾಗಿದ್ದರೆ ಅದನ್ನು ತಂದವರು ಮೊದಲು ತಾವೇ ಸೇರಬೇಕಷ್ಟೆ. ಸೈನಿಕರೂ ಪೋಲೀಸರೂ ಹಳೆಯ ಪದ್ಧತಿಯಲ್ಲಿಯೇ ಉಳಿದುಕೊಂಡರು! ಔಷಧವನ್ನು ರೋಗಿಗೆ ಹೊಯ್ದು ತಾನು ಮಾತ್ರ ಬಾಯಿಗಿಡದ ವೈದ್ಯನನ್ನು ಯಾವ ಹಳ್ಳಿಯವರೂ ಎರಡನೆಯ ಸಲ ಕರೆಯರು.

ಪೇಟೆಯೆಂಬುದು ಮಳೆಗಾಳಿಗಳಂತೆ ತಾನಾಗಿ ಉಂಟಾದದ್ದು, ಅದನ್ನು ಮುಟ್ಟಬಾರದು ಎಂಬ ಮಾತೂ ಪರೀಕ್ಷೆಗೆ ನಿಲ್ಲದು. ಕೌಟಿಲ್ಯನು ಪ್ರಜಾಪ್ರಭುತ್ವವಾದಿಯೇನಲ್ಲ, ಆದರೂ ವರ್ತಕನಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ 5, ಪರದೇಶದ ಸರಕಿನಲ್ಲಿ ನೂರಕ್ಕೆ 10 ಲಾಭವೆಂದು ಕಟ್ಟುಮಾಡಿ ಅದರ ಮೇಲೆ ಅಧಿಕಾರಿಗಳನ್ನಿಟ್ಟನು. ಪೇಟೆಗೆ ಕಟ್ಟಳೆಯು ಎಲ್ಲ ಕಾಲಕ್ಕೂ ಇದ್ದದ್ದೇ. ಆ ಕಟ್ಟಳೆಯನ್ನು ಬರೆಯುವವರು ಯಾರು, ಅವರನ್ನು ಕೇಳುವವರು ಯಾರು ಎಂಬುದಷ್ಟೇ ವಿವಾದದ ವಿಷಯ.

ಕೇಳುವವರು ಎದ್ದದ್ದು ಹೇಗೆಂಬುದು ಚಿಲಿಯ ಚರಿತ್ರೆಯ ಉಜ್ಜ್ವಲವಾದ ಭಾಗ. 1988ರ ಅಕ್ಟೋಬರ್ 5ರಂದು, ಪಿನೊಚೆ ಮುಂದುವರಿಯಬೇಕೆ ಎಂಬ ಪ್ರಶ್ನೆಗೆ ಸುಮಾರು ಶೇಕಡಾ 56 ಮಂದಿ ಬೇಡವೆಂದರು. ಸರ್ವಾಧಿಕಾರಿಯು ತಾನೇ ಹಾಕಿದ ಪಂದ್ಯದಲ್ಲಿ ಸೋತನು. 2006ರಲ್ಲಿ ಪ್ರೌಢಶಾಲೆಯ ಮಕ್ಕಳು, ತಮ್ಮ ಕಪ್ಪುಬಿಳುಪು ಉಡುಪಿನಿಂದ ಪೆಂಗ್ವಿನ್‌ಗಳೆಂದು ಕರೆಸಿಕೊಂಡವರು, ಆ ಕೊನೆಯ ರಾತ್ರಿಯ ಶಿಕ್ಷಣಶಾಸನದ ಮೇಲೆ ಎದ್ದುನಿಂತರು. 2009ರಲ್ಲಿ ಅದರ ಸ್ಥಳದಲ್ಲಿ ಬೇರೊಂದು ಬಂದಿತು. 2011ರಲ್ಲಿ ಕಾಲೇಜು ವಿದ್ಯಾರ್ಥಿಗಳು, ಆಮೇಲೆ ನಿವೃತ್ತಿವೇತನಕ್ಕಾಗಿ ಮುದುಕರು. 2019ರ ಅಕ್ಟೋಬರಿನಲ್ಲಿ ಸಾಂತಿಯಾಗೊ ನಗರದ ಮೆಟ್ರೊ ರೈಲಿನ ದರವು 30 ಪೆಸೊ ಏರಿದಾಗ, ಬೆಳಗ್ಗೆ ಬೇಗ ಎದ್ದವರಿಗೆ ಕಡಿಮೆ ದರವುಂಟಲ್ಲ ಎಂಬರ್ಥದ ಮಾತನ್ನು ಸಚಿವರೊಬ್ಬರು ಆಡಿದರು. ಬೆಳಗಿನ ಜಾವಕ್ಕೇ ಎದ್ದು ಎರಡು ಬಸ್ಸು ಬದಲಿಸುವ ಕೂಲಿಕಾರರಿಗೆ ಈ ಉಪದೇಶ! ಇದು 30 ಪೆಸೊಗಳ ಪ್ರಶ್ನೆಯಲ್ಲ, 30 ವರ್ಷಗಳದ್ದು ಎಂದು ಜನರು ಕೂಗಿದರು. ಅನೇಕ ನಿಲ್ದಾಣಗಳು ಸುಟ್ಟುಹೋದವು; ಅದು ಖಂಡಿತವಾಗಿಯೂ ತಪ್ಪು, ಬಡವರೇ ಹತ್ತುವ ಗಾಡಿಯನ್ನು ಸುಟ್ಟು ಬಡವರಿಗೆ ಉಪಕಾರವಾಗದು. ಆದರೆ ಪೋಲೀಸರ ಗುಂಡುಗಳಿಂದಲೂ ಅಶ್ರುವಾಯುವಿನ ಡಬ್ಬಿಗಳಿಂದಲೂ 400ಕ್ಕೂ ಹೆಚ್ಚು ಜನರ ಕಣ್ಣುಗಳಿಗೆ ಗಾಯವಾದದ್ದನ್ನು ಆ ದೇಶದ ಮಾನವಹಕ್ಕುಗಳ ಸಂಸ್ಥೆಯೇ ದಾಖಲಿಸಿದೆ. ಅಕ್ಟೋಬರ್ 25ರಂದು ಹತ್ತು ಲಕ್ಷಕ್ಕೂ ಮಿಕ್ಕ ಜನರು ರಾಜಧಾನಿಯಲ್ಲಿ ನೆರೆದರು. ಒಂದು ವರ್ಷದ ಬಳಿಕ ನಡೆದ ಜನಮತದಲ್ಲಿ ಶೇಕಡಾ 78 ಮಂದಿ ಹೊಸ ಸಂವಿಧಾನವು ಬೇಕೆಂದರು.

ಇಲ್ಲಿ ಪ್ರತಿವಾದಿಗಳು ನಗುವರು. 2022ರ ಸೆಪ್ಟೆಂಬರಿನಲ್ಲಿ ಅದೇ ಜನರು ಆ ಹೊಸ ಕರಡನ್ನು ಶೇಕಡಾ 62ರಷ್ಟು ಮತಗಳಿಂದ ತಿರಸ್ಕರಿಸಲಿಲ್ಲವೇ? 2025ರ ಡಿಸೆಂಬರಿನಲ್ಲಿ, ಪಿನೊಚೆಯ ಆಡಳಿತವನ್ನು ಹಿಂದೆ ಬಹಿರಂಗವಾಗಿ ಸಮರ್ಥಿಸಿದ್ದ ಕಾಸ್ಟ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಲಿಲ್ಲವೇ? ಆರಿಸಿದರು. ಆದರೆ ಬಲಪಕ್ಷದವರು ಬರೆದ ಎರಡನೆಯ ಕರಡನ್ನೂ 2023ರ ಡಿಸೆಂಬರಿನಲ್ಲಿ ಸುಮಾರು ಶೇಕಡಾ 56 ಮತಗಳಿಂದ ಅದೇ ಜನರು ಬೇಡವೆಂದರೆಂಬುದನ್ನು ನಗುವವರು ಹೇಳುವುದಿಲ್ಲ. ಮೊದಲನೆಯ ಕರಡಿನಲ್ಲಿ 388 ವಿಧಿಗಳಿದ್ದವು. ಬರೆದವರು ತಮ್ಮ ತಮ್ಮ ಮನೋರಥಗಳನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿ ನೆರೆಮನೆಯವರನ್ನು ಒಪ್ಪಿಸುವ ಶ್ರಮವನ್ನು ಮರೆತರು. ಬೀದಿಯಲ್ಲಿ ಕೂಗುವುದಕ್ಕೆ ಒಂದು ದಿನವು ಸಾಕು. ಒಪ್ಪದವನ ಜಗಲಿಯಲ್ಲಿ ಕುಳಿತು ಅವನಿಗೆ ತಿಳಿಯಹೇಳುವುದಕ್ಕೆ ವರ್ಷಗಳು ಬೇಕು. ಜನರು ಓದಿ, ಚರ್ಚಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೇಡವೆಂದದ್ದು ಅವರ ಮೂಢತೆಗೆ ಹೇಗೆ ಸಾಕ್ಷಿಯಾಗುವುದು? ಪ್ರಜೆಗಳು ತಪ್ಪಿದರೆ ನಾಲ್ಕು ವರ್ಷಕ್ಕೆ ತಿದ್ದಿಕೊಳ್ಳಬಹುದು. 1981ರಲ್ಲಿ ತಜ್ಞರು ಕಟ್ಟಿದ ನಿವೃತ್ತಿವೇತನ ಪದ್ಧತಿಯಲ್ಲಿ ಧಣಿಯ ಪಾಲನ್ನು ಮತ್ತೆ ಗಣನೀಯವಾಗಿ ಸೇರಿಸುವ ಶಾಸನವಾಗುವುದಕ್ಕೆ 2025ರ ವರೆಗೆ ಹಿಡಿಯಿತು. ಅಷ್ಟರಲ್ಲಿ ಆ ಪದ್ಧತಿಯಡಿ ದುಡಿದ ಒಂದು ತಲೆಮಾರು ಮುಪ್ಪಾಗಿ ಹೋಯಿತು.

ನೀರಿನ ಕಥೆಯೂ ಹಾಗೆಯೇ. 1981ರ ಜಲಸಂಹಿತೆಯು ನೀರಿನ ಹಕ್ಕನ್ನು ನೆಲದಿಂದ ಬೇರ್ಪಡಿಸಿ, ಶಾಶ್ವತವಾದ ಖಾಸಗಿ ಸ್ವತ್ತಿನಂತೆ ಮಾರಲು ಕೊಳ್ಳಲು ಬಿಟ್ಟಿತು. ಪೆಟೋರ್ಕ ಎಂಬ ಸೀಮೆಯಲ್ಲಿ ದೀರ್ಘವಾದ ಅನಾವೃಷ್ಟಿಯು ಬಂದಾಗ, ಗುಡ್ಡಗಳ ಇಳಿಜಾರಿನಲ್ಲಿ ರಫ್ತಿನ ಬೆಣ್ಣೆಹಣ್ಣಿನ ತೋಟಗಳು ಹಸುರಾಗಿಯೇ ಇದ್ದವು; ಕೆಳಗಣ ಊರುಗಳವರು ಕುಡಿಯುವ ನೀರಿಗೆ ಟ್ಯಾಂಕರ್ ಲಾರಿಗಳನ್ನು ಕಾಯ್ದರು. ಆ ಊರುಗಳವರೂ ಅವರಂಥ ಇತರರೂ ವರ್ಷಗಟ್ಟಲೆ ದೂರಿದರು, ಮೆರವಣಿಗೆ ಹೋದರು, ಸಂಸತ್ತಿನ ಬಾಗಿಲಲ್ಲಿ ನಿಂತರು. ಸಂಹಿತೆಯ ತಿದ್ದುಪಡಿಯ ಮಸೂದೆಯು 2011ರಲ್ಲಿ ಸಂಸತ್ತಿಗೆ ಬಂದು 2022ರಲ್ಲಿ ಶಾಸನವಾಯಿತು: ಮನುಷ್ಯರ ಕುಡಿಯುವ ನೀರಿಗೆ ಮೊದಲ ಸ್ಥಾನ, ಹೊಸದಾಗಿ ಕೊಡುವ ಹಕ್ಕುಗಳಿಗೆ 30 ವರ್ಷಗಳ ಅವಧಿ. ಹಿಂದೆಯೇ ಹಂಚಿಹೋದ ಹಕ್ಕುಗಳಿಗೆ ಅಂತಹ ಅವಧಿಯನ್ನು ವಿಧಿಸಲಿಲ್ಲ.