ಸಂಗಮದ ಹರಿಗೋಲು, ಕೆಂಗೇರಿಯ ಮೋರಿ



ಸಂಜೆಯ ಹೊತ್ತಿನಲ್ಲಿ ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ಮೈಸೂರು ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆ ಶಾಂತಿಯ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಕೆಂಗೇರಿಯನ್ನು ಮುಟ್ಟಿತು. 2023ರ ಮಾರ್ಚಿನಲ್ಲಿ ಮೈಸೂರಿನ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಆದರೂ ರಸ್ತೆಯ ದಟ್ಟಣೆ ನೀಗಲಿಲ್ಲ, ಮನಸ್ಸಿನ ದಟ್ಟಣೆಯಂತೂ ನೀಗಲೇ ಇಲ್ಲ. ಆದ್ದರಿಂದಲೇ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಎಷ್ಟೋ ಕುಟುಂಬಗಳು ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಯನ್ನು ಅರಸುತ್ತಾ ಹೊರಡುತ್ತವೆ. ಇದನ್ನು ಬರಿಯ ಮೋಜೆಂದು ಹಳಿಯುವುದು ಉಚಿತವಲ್ಲ. ಹರಿಯುವ ನೀರಿನ ಸನ್ನಿಧಿಯಲ್ಲಿ ಮನಸ್ಸು ತಿಳಿಯಾಗುವುದು ಸಹಜಧರ್ಮ.

ಕಳೆದ ಚಳಿಗಾಲದಲ್ಲಿ ನಾನೂ ನಮ್ಮ ಅಣ್ಣನ ಕುಟುಂಬದೊಡನೆ ಕನಕಪುರ ರಸ್ತೆಯನ್ನು ಹಿಡಿದು, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಹೋಗಿದ್ದೆ. ಮೇಕೆದಾಟಿಗೆ ಹೋಗುವವರು ಅಲ್ಲಿ ಹರಿಗೋಲಿನಲ್ಲಿ ಹೊಳೆಯನ್ನು ದಾಟುವುದುಂಟು. ಬಿದಿರಿನ ಹೆಣಿಗೆಯ ದುಂಡು ಬುಟ್ಟಿ. ಹಿಂದಿನ ಕಾಲದಲ್ಲಿ ಅದಕ್ಕೆ ತೊಗಲಿನ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಡಾಂಬರಿನ ಲೇಪ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅರಿಯದವನು ಹುಟ್ಟು ಹಾಕಿದರೆ ಅದು ಮುಂದೆ ಸಾಗದೆ ನಿಂತಲ್ಲಿಯೇ ಬುಗುರಿಯಂತೆ ಸುತ್ತುತ್ತದೆ. ಅಂಬಿಗರು ಹುಟ್ಟನ್ನು ನನ್ನ ಕೈಗೆ ಕೊಟ್ಟಾಗ ನನ್ನ ಗತಿಯೂ ಅದೇ ಆಯಿತು. ಎಲ್ಲರೂ ನಕ್ಕರು. ಅವರು ಮುಂದಕ್ಕೆ ಬಾಗಿ, ನೀರನ್ನು ತಮ್ಮೆಡೆಗೆ ಸೆಳೆದುಕೊಳ್ಳುವ ಬಗೆಯನ್ನು ತೋರಿಸಿಕೊಟ್ಟರು. ಹತ್ತು ಬಾರಿ ಹಾಗೆ ಸೆಳೆಯುವಷ್ಟರಲ್ಲಿ ಉಸಿರಿಗೂ ನೀರಿನ ಸದ್ದಿಗೂ ಒಂದು ಹೊಂದಿಕೆ ಬಂದಿತು. ವಾರಗಟ್ಟಲೆ ಕಿವಿಯಲ್ಲಿ ಉಳಿದಿದ್ದ ಹಾರನ್ನಿನ ಸದ್ದು ಎಲ್ಲಿಯೋ ಅಡಗಿಹೋಯಿತು.

ಆಗ ನಮ್ಮಣ್ಣನ ಮಗಳು, "ಚಿಕ್ಕಪ್ಪಾ, ಈ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿದಳು. ತಲಕಾವೇರಿಯ ಪ್ರವರವನ್ನು ಹೇಳಲು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅಂಬಿಗರೇ ಕೈ ತೋರಿಸಿ ಹೇಳಿದರು: "ಇದು ಕೊಡಗಿನ ನೀರು ಕಣವ್ವ. ಅಗೋ ಅಲ್ಲಿ ಬಂದು ಸೇರ್ತದಲ್ಲ, ಅದು ನಿಮ್ಮೂರ ನೀರು."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದ್ದು ಸತ್ಯ. ನಮ್ಮ ಪಶ್ಚಿಮ ಬೆಂಗಳೂರಿನ ಕೊಳೆನೀರು ಸೇರುವುದು ವೃಷಭಾವತಿಯನ್ನು. ವೃಷಭಾವತಿಯು ಕೆಂಗೇರಿ, ಬಿಡದಿಯ ಬಳಿಯ ಭೈರಮಂಗಲ ಕೆರೆಗಳನ್ನು ಹಾದು ಕನಕಪುರದ ಕಡೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಯಾವುದರಿಂದ ದೂರ ಓಡಿ ಬಂದೆವೆಂದು ತಿಳಿದಿದ್ದೆವೋ ಅದು ನಮಗಿಂತ ಮುಂಚಿತವಾಗಿಯೇ ಅಲ್ಲಿಗೆ ಬಂದಿತ್ತು!

ವೃಷಭಾವತಿಯು ಹುಟ್ಟಿನಿಂದ ಮೋರಿಯಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಇವಳು ಹುಟ್ಟುತ್ತಾಳೆಂಬುದು ತಲೆಮಾರುಗಳ ನಂಬಿಕೆ; ಹೆಸರೂ ಅಲ್ಲಿಂದಲೇ ಬಂದುದು. ಮಲ್ಲೇಶ್ವರದ ಕಾಡು ಮಲ್ಲಿಕಾರ್ಜುನ ದೇಗುಲದ ಎದುರು 1997ರಲ್ಲಿ ಮಣ್ಣು ತೆಗೆದಾಗ ಬೆಳಕಿಗೆ ಬಂದ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಬೀಳುವುದನ್ನು ಕಂಡವರು ನಮ್ಮಲ್ಲಿ ಅನೇಕರು. ಒರತೆಯ ನೀರಿಗೆ ಈ ನಗರದಲ್ಲಿ ಬಡತನವಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯು ವೃಷಭಾವತಿ ಮತ್ತು ಪಶ್ಚಿಮವಾಹಿನಿ ಎಂಬ ಎರಡು ತೊರೆಗಳು ಕೂಡುವ ಪುಣ್ಯಸ್ಥಳದಲ್ಲಿ ನೆಲೆಗೊಂಡಿತೆಂದು ಐತಿಹ್ಯವಿದೆ. ಇಂದು ಜೋರು ಮಳೆ ಬಂದರೆ ಅದೇ ಗುಡಿಗೆ ಕೊಳೆನೀರು ನುಗ್ಗುತ್ತದೆ. ಜನರ ಬಾಯಲ್ಲಂತೂ ನದಿಯ ಹೆಸರೇ ಅಳಿದು 'ಕೆಂಗೇರಿ ಮೋರಿ' ಎಂಬುದು ಉಳಿದಿದೆ. ಹೆಸರು ಕಳೆದುಕೊಂಡ ನದಿಗೆ ಕಸ ಎಸೆಯಲು ಯಾರ ಕೈಯೂ ಅಂಜುವುದಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಮನೆಗಳ ನಲ್ಲಿಯಲ್ಲಿ ಬರುವುದೂ ಕಾವೇರಿಯೇ. 1974ರಲ್ಲಿ ಮೊದಲ ಹಂತ ಬಂದಿತು, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಗೊಂಡಿತು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಆ ನೀರನ್ನು ಏರಿಸುತ್ತಾರೆ. ನಾವು ಶಾಂತಿಯನ್ನರಸಿ ಇಳಿದುಹೋಗುವ ಕನಕಪುರದ ದಾರಿಯಗುಂಟವೇ ಆ ತಾಯಿ ನಮ್ಮ ಮನೆಗೆ ಏರಿ ಬರುತ್ತಾಳೆ. ತಿಳಿನೀರನ್ನು ಸಂಗಮಕ್ಕಿಂತ ಮೇಲೆ ಎತ್ತಿಕೊಳ್ಳುತ್ತೇವೆ; ಕೊಳೆನೀರನ್ನು ಸಂಗಮದಲ್ಲಿ ಹಿಂದಿರುಗಿಸುತ್ತೇವೆ. ಪಡೆಯುವಾಗ ತೀರ್ಥ, ಕೊಡುವಾಗ ಕೊಚ್ಚೆ. ನಡುವೆ ಭೈರಮಂಗಲದ ರೈತರು ನಮ್ಮ ನೊರೆನೀರಿನಲ್ಲಿಯೇ ಬೆಳೆ ತೆಗೆಯಬೇಕಾಗಿದೆ. ಇದು ದಾಸೋಹದ ನಾಡಿಗೆ ಒಪ್ಪುವ ವ್ಯವಹಾರವೇ?

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ಇಲ್ಲಿ ನೆನಪಾಗುತ್ತಾರೆ. ಬಹುಪಾಲು ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿರಿಸಿಕೊಂಡರೆ, ಚೌಡಯ್ಯನವರು ಕಾಯಕಸಹಿತವಾದ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅವರ ಪಾಲಿಗೆ ಹೊಳೆಯು ವಿರಾಮದ ಬೀಡಲ್ಲ, ಕಾಯಕದ ಕ್ಷೇತ್ರ. ವಿಹಾರಕ್ಕೆ ಹೋದವನು ಆಚೆ ದಡ ಸೇರಿ ಹೊಳೆಯನ್ನು ಮರೆಯಬಹುದು. ಅಂಬಿಗನು ಮರೆಯುವಂತಿಲ್ಲ, ಅವನು ಮತ್ತೆ ಅದೇ ನೀರಿಗೆ ಮರಳಬೇಕು. ವಿಹಾರಿಗೂ ಅಂಬಿಗನಿಗೂ ಇರುವ ಅಂತರ ಇದೇ. ನಾವೆಲ್ಲರೂ ವಿಹಾರಿಗಳಾಗಿಯೇ ಉಳಿದಿರುವುದು ನಮ್ಮ ನದಿಗಳ ದುಃಖಕ್ಕೆ ಕಾರಣವೆಂಬುದು ನನ್ನ ಅಭಿಮತ.

ಇದೆಲ್ಲ ಜಲಮಂಡಳಿಯ, ಸರ್ಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಶುದ್ಧೀಕರಣ ಘಟಕಗಳನ್ನು ಕಟ್ಟಿ ನಡೆಸುವುದು ಅವರ ಹೊಣೆ. ಆ ಹೊಣೆಯನ್ನು ನೆನಪಿಸುತ್ತಲೇ ಇರುವುದು ನಮ್ಮ ಹೊಣೆ. ಆದರೆ ಮನೆಯ ಕೊಳವೆಯನ್ನು ಒಳಚರಂಡಿಯ ಬದಲು ರಾಜಕಾಲುವೆಗೆ ಜೋಡಿಸಿದವರು ಯಾರು? ವಸತಿ ಸಮುಚ್ಚಯದ ಶುದ್ಧೀಕರಣ ಯಂತ್ರವನ್ನು ವಿದ್ಯುತ್ ಖರ್ಚಿಗೆ ಅಂಜಿ ನಿಲ್ಲಿಸಿದವರು ಯಾರು? ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲ ಸಮೇತ ಸೇತುವೆಯಿಂದ ಎಸೆದವರು ಯಾರು? ಇವುಗಳಿಗೆ ವಿಳಾಸ ವಿಧಾನಸೌಧವಲ್ಲ, ನಮ್ಮ ನಮ್ಮ ಬೀದಿ.

ಆದುದರಿಂದ ಬಂಧುಗಳೇ, ಹೊಳೆಗೆ ಹೋಗಬೇಡಿ ಎನ್ನಲಾರೆ. ಮಕ್ಕಳನ್ನು ಕರೆದುಕೊಂಡು ಅವಶ್ಯವಾಗಿ ಹೋಗಿ. ಆದರೆ ಹೋಗುವಾಗ ಮೈಸೂರು ರಸ್ತೆಯ ಪಕ್ಕದಲ್ಲಿ ಗಾಡಿಯ ಗಾಜನ್ನು ಏರಿಸದೆ, "ಇವಳು ವೃಷಭಾವತಿ" ಎಂದು ಒಮ್ಮೆ ತೋರಿಸಿ. ಕನ್ನಡದಲ್ಲಿ 'ಹುಟ್ಟು' ಎಂದರೆ ಹರಿಗೋಲನ್ನು ನಡೆಸುವ ಸಾಧನವೂ ಹೌದು, ಮೂಲವೂ ಹೌದು. ಮೂಲವನ್ನು ಮರೆತು ಹುಟ್ಟು ಹಾಕಿದರೆ ನಮ್ಮ ಶಾಂತಿಯೂ ಆ ದಿನದ ನನ್ನ ಹರಿಗೋಲಿನಂತೆ ಇದ್ದಲ್ಲಿಯೇ ಸುತ್ತುತ್ತಿರುತ್ತದೆ.