ವಿದ್ಯುತ್ ಹರಿಸುವ ರಬ್ಬರು: ಕಚ್ಚಾವಸ್ತು ಬೇಡ, ಬಿಡಿಭಾಗ ಸಾಕು

ಚನ್ನಗಿರಿಯ ಅಡಿಕೆ ವ್ಯಾಪಾರಕ್ಕೆ ಇಂದು ಎಲೆಕ್ಟ್ರಾನಿಕ್ ತಕ್ಕಡಿ ಅನಿವಾರ್ಯ. ಹೊನ್ನಾಳಿ, ನ್ಯಾಮತಿಗಳ ಗಿರಣಿಗಳಿಗೆ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳೂ, ಜಗಳೂರಿನ ಕೊಳವೆಬಾವಿಗಳಿಗೆ ಮೊಬೈಲಿನಿಂದ ಚಾಲನೆಗೊಳ್ಳುವ ಸ್ಟಾರ್ಟರ್‌ಗಳೂ ಬಂದಿವೆ. ಇಂತಹ ಸಾಧನಗಳು ಹೊರಸೂಸುವ ವಿದ್ಯುತ್ಕಾಂತೀಯ ಅಲೆಗಳು ಪಕ್ಕದ ಸಾಧನದ ಕಾರ್ಯವನ್ನು ಕೆಡಿಸಬಲ್ಲವು. ತಕ್ಕಡಿಯ ಅಂಕಿ ತಪ್ಪಿದರೆ ನಷ್ಟ ಯಾರದೆಂದು ವರ್ತಕರಿಗೆ ಹೇಳಬೇಕಾಗಿಲ್ಲ.

ಲೋಹದ ಪೆಟ್ಟಿಗೆ ಈ ಅಲೆಗಳನ್ನು ತಡೆಯುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ತಡೆಯುವುದಿಲ್ಲ. ಲೋಹದ ಪೆಟ್ಟಿಗೆಯಲ್ಲಿಯೂ ಮುಚ್ಚಳದ ಸಂದಿನಿಂದ ಅಲೆಗಳು ಸೋರುತ್ತವೆ. ಸಿಲಿಕೋನ್ ರಬ್ಬರಿಗೆ ಇಂಗಾಲ ಅಥವಾ ನಿಕ್ಕಲ್ ಲೇಪಿತ ಗ್ರಾಫೈಟ್ ಪುಡಿ ಬೆರೆಸಿದ, ಬಾಗುವ ಗುಣವುಳ್ಳ ವಾಹಕ ಮಿಶ್ರಣದ ಗ್ಯಾಸ್ಕೆಟ್ ಆ ಸಂದನ್ನು ಮುಚ್ಚುತ್ತದೆ.

ಇದನ್ನು ಕಂಡು ನಮ್ಮ ಕೆಲವು ಉತ್ಸಾಹಿ ಯುವಕರು ಮಿಶ್ರಣವನ್ನೇ ತಯಾರಿಸಲು ಮುಂದಾಗಬಹುದು. ಅದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪುಡಿ ಕಡಿಮೆಯಾದರೆ ಕಣಗಳು ಒಂದನ್ನೊಂದು ಮುಟ್ಟದೆ ವಿದ್ಯುತ್ ಹರಿಯದು. ಹೆಚ್ಚಾದರೆ ರಬ್ಬರು ಬಿರುಸಾಗಿ ಬಿರಿಯುತ್ತದೆ. ಈ ಹದವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸೂರ್ಯಸಾರಥಿ ಬೋಸ್ ಅವರಂತಹ ತಜ್ಞರು ಸಂಶೋಧನೆ ನಡೆಸಿದ್ದಾರೆ. ಸಾಲದ ಹಣದಲ್ಲಿ ಮಾಡುವ ಪ್ರಯೋಗ ಇದಲ್ಲ.

ಸಿದ್ಧ ಮಿಶ್ರಣವನ್ನು ಕೊಂಡು, ಅಚ್ಚಿನಲ್ಲೊತ್ತಿ ಅಥವಾ ಕತ್ತರಿಸಿ ಗ್ಯಾಸ್ಕೆಟ್ ಮಾಡುವುದು ಮಾತ್ರ ನಮ್ಮ ಸಣ್ಣ ಘಟಕಗಳ ಅಳವಿನ ಕೆಲಸ. ಆದರೆ ಯೋಜನಾ ವರದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬ್ತು ಪರೀಕ್ಷೆಯ ಶುಲ್ಕ. 20 ಡೆಸಿಬಲ್ ತಡೆ ಎಂದರೆ ಅಲೆಯ ಶಕ್ತಿಯಲ್ಲಿ ಶೇಕಡ 99ರಷ್ಟು ನಿಂತಿತೆಂದರ್ಥ. 30 ಡೆಸಿಬಲ್ ಎಂದರೆ ಶೇಕಡ 99.9. ಮಿಶ್ರಣ ಮಾರುವವರು ಕೊಡುವ ಅಂಕಿ ಹಾಳೆಯದು, ಜೋಡಿಸಿದ ಪೆಟ್ಟಿಗೆಯದಲ್ಲ. ಪೆಟ್ಟಿಗೆಯನ್ನು ಚೆನ್ನೈನ ಸಮೀರ್ ಕೇಂದ್ರದಂತಹ ಪ್ರಯೋಗಾಲಯದಲ್ಲಿಯೇ ಪರೀಕ್ಷಿಸಬೇಕು. ಮೊದಲ ಸಲ ಅನುತ್ತೀರ್ಣವಾಗುವುದೆಂದೇ ಎಣಿಸಿ, ಎರಡು ಪರೀಕ್ಷೆಗಳ ಹಣವನ್ನು ಬಂಡವಾಳದಲ್ಲಿ ಸೇರಿಸಿಕೊಳ್ಳುವುದು ಕ್ಷೇಮ.

ಎರಡನೆಯದು ವಸೂಲಿ. ಉದ್ಯಮ್ ನೋಂದಣಿಯುಳ್ಳ ಸಣ್ಣ ತಯಾರಕರಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ವಿಧಿಸುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ನೋಂದಣಿಯಿಲ್ಲದೆ ಮೊದಲ ಬಿಲ್ಲು ಹೊರಡದಿರಲಿ.

ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡವರು ನಾವು. ಹೊಸ ಉದ್ಯಮ ಬೇಕು, ನಿಜ. ನಾಲ್ಕೂ ತಾಲ್ಲೂಕುಗಳ ಆಸಕ್ತರು ಒಂದಾಗಿ ಪರೀಕ್ಷಾ ವೆಚ್ಚವನ್ನು ಹಂಚಿಕೊಳ್ಳಲಿ. ಸಂಸ್ಥೆಯು ಮೊದಲು ಬೇಡಿಕೆಯ ಪಟ್ಟಿಯನ್ನು ಸಂಗ್ರಹಿಸಲಿ. ಯಂತ್ರದ ಖರೀದಿ ಅನಂತರದ ಮಾತು.